ಕ್ಯಾಂಪ್ಕೊ ರೇಟ್ ಎಷ್ಟು?

ಪುತ್ತೂರು, ಸುಳ್ಯ, ಬಂಟ್ವಾಳದ ಕಡೆ ಅಡಿಕೆ ಮಾರಲು ಹೊರಟವರ ಮೊದಲ ಪ್ರಶ್ನೆ ಇದು. ಮೂಟೆ ಇಳಿಸುವುದು ಪೇಟೆಯ ಖಾಸಗಿ ಅಂಗಡಿಯಲ್ಲೇ ಇರಬಹುದು. ಚೌಕಾಸಿ ಮಾತ್ರ ಬೆಳೆಗಾರರದೇ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊದ ಧಾರಣೆಯನ್ನು ಮುಂದಿಟ್ಟುಕೊಂಡೇ ನಡೆಯುತ್ತದೆ. ಒಂದು ಷೇರೂ ಇಲ್ಲದ ಬೆಳೆಗಾರನಿಗೂ ಆ ದರದ ಬಲ ಸಿಗುತ್ತದೆ. ಸಹಕಾರಿ ಸಂಸ್ಥೆಯೊಂದು ಊರಿಗೆ ಮಾಡುವ ದೊಡ್ಡ ಉಪಕಾರ ಇದೇ. ಆದರೆ ಇದು ಯಾವ ಲಾಭ-ನಷ್ಟದ ಪಟ್ಟಿಯಲ್ಲೂ ಕಾಣುವುದಿಲ್ಲ.

ಕಾಣದ್ದರಿಂದಲೇ ಸದಸ್ಯರಿಗೂ ಮರೆತುಹೋಗುತ್ತದೆ.

1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿದಾಗ ಬೆಳೆಗಾರನಿಗೆ ಉಳಿದದ್ದು ಅಟ್ಟದ ತುಂಬ ಮಾಲು, ತಲೆಯ ಮೇಲೆ ಸಾಲ. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಕ್ಯಾಂಪ್ಕೊ ಹುಟ್ಟಿತು. ಅಡಿಕೆ ತೋಟಕ್ಕೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ. ಕರ್ನಾಟಕ, ಕೇರಳ ಎರಡನ್ನೂ ಸೇರಿಸಿಕೊಂಡೇ ಸಂಸ್ಥೆ ಕಟ್ಟಿದರು.

ಅದರ ನಿಜವಾದ ಪರೀಕ್ಷೆ ನಡೆದದ್ದು ಕೊಕ್ಕೊದಲ್ಲಿ. ಅಡಿಕೆಯ ನಡುವೆ ಕೊಕ್ಕೊ ನೆಡಿ ಎಂದು ಹುರಿದುಂಬಿಸಿದ್ದ ದೊಡ್ಡ ಕಂಪನಿ, ಗಿಡಗಳು ಫಲ ಕೊಡುತ್ತಿದ್ದ ಕಾಲಕ್ಕೆ, 1980ರ ಆಸುಪಾಸಿನಲ್ಲಿ ಖರೀದಿಯಿಂದ ಹಿಂದೆ ಸರಿಯಿತು. ಅಡಿಕೆಯಾದರೆ ಒಳ್ಳೆಯ ಬೆಲೆ ಬರುವವರೆಗೆ ವರ್ಷಗಟ್ಟಲೆ ಕೂಡಿಡಬಹುದು. ಕೊಕ್ಕೊದ ಹಸಿ ಬೀಜ ಕಾಯಿ ಒಡೆದ ಗಳಿಗೆಯಿಂದಲೇ ಹುಳಿಯತೊಡಗುತ್ತದೆ. ಇವತ್ತು ಕೊಳ್ಳುವವರಿಲ್ಲದಿದ್ದರೆ ನಾಳೆ ತಿಪ್ಪೆಗೆ. ಕೆಲವರು ಗಿಡವನ್ನೇ ಕಡಿದರು. ಅಡಿಕೆಗೆಂದೇ ಹುಟ್ಟಿದ ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೂ ಇಳಿಯಿತು. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲೊಂದು ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ತೋಟದವರು ಚಾಕೊಲೇಟ್ ಮಾಡುವುದೇ ಎಂದು ನಕ್ಕವರು ಇದ್ದಿರಲೇಬೇಕು. ಕಾರ್ಖಾನೆ ಇಂದಿಗೂ ನಡೆಯುತ್ತಿದೆ, ಊರಿನ ಎಷ್ಟೋ ಮನೆಗಳಿಗೆ ಅಲ್ಲಿಂದಲೇ ಸಂಬಳ ಬರುತ್ತಿದೆ.

ಹೃದಯದ ಶಸ್ತ್ರಚಿಕಿತ್ಸೆಯಂಥ ದೊಡ್ಡ ಖರ್ಚು ಬಂದಾಗ ಸದಸ್ಯರಿಗೆ ನೆರವು, ಮರ ಹತ್ತುವವರೇ ಸಿಗದ ಈ ಕಾಲದಲ್ಲಿ ಕೊಯ್ಲಿನ ತರಬೇತಿ ಶಿಬಿರ: ಇವೆಲ್ಲ ಬೆಳೆ ಕೊಳ್ಳುವ ಕೆಲಸದ ಜತೆಗೇ ಬೆಳೆದುಬಂದವು.

ಇಷ್ಟಾದರೂ ಬೆಳೆಗಾರರ ಒಂದು ಚಾಳಿಯನ್ನು ಹೇಳದೆ ಇರುವಂತಿಲ್ಲ. ಹೊರಗೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಸಿಕ್ಕರೆ, ಬಿಲ್ಲಿನ ಗೊಡವೆ ಇಲ್ಲದ ಅಂಗಡಿಗೆ ಒಳ್ಳೆಯ ಚಾಲಿ ಅಡಿಕೆ ಹೋಗುತ್ತದೆ. ಪಟೋರ, ಕರಿಗೋಟಿನಂಥ ಕೆಳದರ್ಜೆಯ ಮಾಲು ಮಾತ್ರ ಸಹಕಾರಿ ಸಂಘದ ಬಾಗಿಲಿಗೆ. ಧಾರಣೆ ಬಿದ್ದ ದಿನ ಅದೇ ಜನ ‘ಸಂಘ ಏನು ಮಾಡುತ್ತಿದೆ?’ ಎನ್ನುತ್ತಾರೆ. ಒಳ್ಳೆಯ ಮಾಲು ಬಾರದ ಸಂಸ್ಥೆ ಕೆಟ್ಟ ದಿನಗಳಲ್ಲಿ ಯಾವ ದುಡ್ಡಿನಿಂದ ದರ ಎತ್ತಿ ಹಿಡಿಯಬೇಕು? ಆಡಳಿತ ಮಂಡಳಿಗಳೂ ಇದನ್ನು ಬಾಯಿ ಬಿಟ್ಟು ಕೇಳುವುದು ಕಡಿಮೆ, ಚುನಾವಣೆ ಬರುತ್ತದಲ್ಲ.

ಅಡಿಕೆಯದಿರಲಿ, ಹಾಲಿನದಿರಲಿ, ಯಾವ ಸಂಘದ ಮಹಾಸಭೆಯಲ್ಲೂ ಮೊದಲು ಏಳುವ ಪ್ರಶ್ನೆ ಡಿವಿಡೆಂಡ್ ಎಷ್ಟೆಂಬುದು. ಅದರ ಪಕ್ಕದಲ್ಲೇ ಇನ್ನೊಂದು ಅಂಕಿಯೂ ವರದಿಯಲ್ಲಿ ಅಚ್ಚಾಗಲಿ: ಸದಸ್ಯರಲ್ಲಿ ಎಷ್ಟು ಮಂದಿ ಈ ವರ್ಷ ತಮ್ಮ ಬೆಳೆಯನ್ನು ಸಂಘಕ್ಕೆ ತಂದರು, ಎಷ್ಟು ಮಂದಿ ರೇಟ್ ಮಾತ್ರ ಕೇಳಿ ಹೋದರು.