ಕೇಳುವ ಶಾಸ್ತ್ರವೂ ನಮ್ಮ ಮೈದಾನವೂ

ಭಾಷೆಯ ಹಕ್ಕು ಎಂದೊಡನೆ ಗಡಿನಾಡ ಕನ್ನಡಿಗರಾದ ನಮಗೆ ಶಾಲೆ, ಪಠ್ಯಪುಸ್ತಕ, ಉದ್ಯೋಗ ಪರೀಕ್ಷೆ, ಸರಕಾರಿ ಕಚೇರಿಯ ನಾಮಫಲಕ ಇವು ನೆನಪಾಗುತ್ತವೆ. ಅವೆಲ್ಲ ನ್ಯಾಯವಾದ ಬೇಡಿಕೆಗಳೇ. ಆದರೆ ಹಕ್ಕು ಕೈತಪ್ಪುವುದು ಯಾವಾಗಲೂ ತಿರುವನಂತಪುರದಲ್ಲಿ ಅಲ್ಲ. ಎಷ್ಟೋ ಸಲ ಅದು ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿ, ಸಂಜೆ ಮಕ್ಕಳು ಕಬಡ್ಡಿ ಆಡುವ ಮೈದಾನದ ಬದಿಯಲ್ಲಿ, ಕ್ಲಬ್ಬಿನ ಕಟ್ಟಡದ ಜಗಲಿಯಲ್ಲಿ ಕೈತಪ್ಪುತ್ತದೆ. ಅದೂ ಜಗಳವಿಲ್ಲದೆ, ಸದ್ದಿಲ್ಲದೆ, ನಮ್ಮದೇ ರುಜುವಿನೊಂದಿಗೆ.

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಹಳ್ಳಿಗಳಲ್ಲಿ ಇಂಥ ಮೈದಾನಗಳನ್ನು ಎಲ್ಲರೂ ಕಂಡವರೇ. ಬದಿಯಲ್ಲೊಂದು ಅಶ್ವತ್ಥಕಟ್ಟೆ, ಅದರಾಚೆ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು ಇರುವ ಒಂದು ಸಣ್ಣ ಕಟ್ಟಡ. ಒಂದು ಕೋಣೆಯಲ್ಲಿ ಕ್ಯಾರಂ ಹಲಗೆ ಮತ್ತು ಗೆದ್ದ ಕಪ್ಪುಗಳು, ಇನ್ನೊಂದರಲ್ಲಿ ವಾಚನಾಲಯ. ಊರ ಹಿರಿಯರು ಶ್ರಮದಾನದಿಂದ, ಚಂದಾ ಎತ್ತಿ, ಕಲ್ಲು ಹೊತ್ತು ಕಟ್ಟಿದ ಕಟ್ಟಡಗಳು ಇವುಗಳಲ್ಲಿ ಕಡಮೆಯಲ್ಲ. ಈಗ ಮಾಡು ಸೋರುತ್ತದೆ, ಪಕ್ಕಾಸು ಗೆದ್ದಲು ಹಿಡಿದಿದೆ, ಶೌಚಾಲಯವಿಲ್ಲ. ನವೀಕರಣ ಆಗಲೇಬೇಕು, ಅದಕ್ಕೆ ಪಂಚಾಯತಿನ ಹಣ ಬಂದರೆ ಸಂತೋಷವೇ. ನನ್ನ ತಕರಾರು ಸಿಮೆಂಟಿನ ಮೇಲಲ್ಲ. ಸಿಮೆಂಟು ಕಲಸುವ ಮೊದಲು ನಡೆಯುವ ‘ಜನಾಭಿಪ್ರಾಯ ಸಂಗ್ರಹ’ ಎಂಬ ಶಾಸ್ತ್ರದ ಮೇಲೆ.

ನಮ್ಮ ಕಡೆಯ ಒಂದು ಮೈದಾನದ ವಿಷಯವನ್ನೇ ನೋಡೋಣ. ಊರಿನ ಹೆಸರು ಬೇಡ. ಓದುಗರಲ್ಲಿ ಹಲವರಿಗೆ ಇದು ತಮ್ಮ ಊರಿನದೇ ಕಥೆ ಎನಿಸೀತು. ಸಭೆಗೆ ಮೂರು ದಿನ ಇರುವಾಗ ಕ್ಲಬ್ಬಿನ ಬಾಗಿಲಿಗೆ ಒಂದು ಹಾಳೆ ಅಂಟಿತು, ಮಲಯಾಳದಲ್ಲಿ ಮಾತ್ರ. ಸಭೆಯ ಹೊತ್ತು ಕೆಲಸದ ದಿನದ ಬೆಳಗ್ಗೆ ಹನ್ನೊಂದು. ಕೂಲಿಗೆ, ತೋಟಕ್ಕೆ, ಅಂಗಡಿಗೆ ಹೋಗುವವರು ಆ ಹೊತ್ತಿಗೆ ಬರುವುದು ಹೇಗೆ? ಬಂದವರ ಮುಂದೆ ಮೇಜಿನ ಮೇಲೆ ನಕ್ಷೆ ಆಗಲೇ ಹಾಸಿತ್ತು, ಎಸ್ಟಿಮೇಟೂ ಸಿದ್ಧವಾಗಿತ್ತು. ಕಾಲು ಗಂಟೆ ಮಲಯಾಳದಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ ವಿವರಣೆ. ಬಳಿಕ “ಅಭಿಪ್ರಾಯ ಹೇಳಬಹುದು” ಎಂದರು. ಯಾರೂ ಹೇಳಲಿಲ್ಲ. ಹಾಜರಿ ಪುಸ್ತಕ ಕೈಯಿಂದ ಕೈಗೆ ಹೋಯಿತು, ಎಲ್ಲರೂ ರುಜು ಹಾಕಿದರು. ಬಂದಿದ್ದೇವೆ ಎಂಬುದಕ್ಕೆ ಹಾಕಿದ ರುಜು ಒಪ್ಪಿದ್ದೇವೆ ಎಂಬುದಕ್ಕೆ ಸಾಕ್ಷಿಯಾಯಿತು. ಮದುವೆ ಮುಗಿದ ಮೇಲೆ ಜಾತಕ ನೋಡಿದ ಹಾಗೆ!

ಆ ನಕ್ಷೆಯಲ್ಲಿ ಇದ್ದದ್ದೇನು? ಮೈದಾನದ ಅರ್ಧಕ್ಕೆ ಇಂಟರ್‌ಲಾಕ್, ರಸ್ತೆಯ ಬದಿಗೆ ಬಾಡಿಗೆಯ ಅಂಗಡಿ ಕೋಣೆಗಳು, ಕ್ಲಬ್ಬಿಗೆ ಕೆಳಗಿನ ಸಭಾಂಗಣ, ವಾಚನಾಲಯ ಮೇಲಿನ ಮಹಡಿಗೆ. ಹತ್ತಲು ಮೆಟ್ಟಿಲು ಮಾತ್ರ. ನೋಡಲು ಚಂದದ ನಕ್ಷೆ. ಬರೆದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಆ ಜಾಗದಲ್ಲಿ ಬದುಕುವವರ ಒಂದೇ ಒಂದು ಮಾತು ಅದರೊಳಗೆ ಇರಲಿಲ್ಲ. ಕೇಳದೆ ಹೋದರೆ ಏನು ನಷ್ಟ ಎನ್ನುವವರಿಗೆ ನಾಲ್ಕು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ನೀರು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ ಬೀಳುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಬಾವಿಗಳ ತಳ ಕಾಣುತ್ತದೆ. ಕೆಂಪುಕಲ್ಲಿನ ಈ ನೆಲದಲ್ಲಿ ನೀರು ಇಂಗಲು ಉಳಿದಿರುವ ತೆರೆದ ಜಾಗಗಳಲ್ಲಿ ಮೈದಾನವೂ ಒಂದು. ಅದಕ್ಕೆ ಇಂಟರ್‌ಲಾಕ್ ಹೊದಿಸಿದರೆ ಆಷಾಢದ ನೀರು ರಸ್ತೆಗೆ ಓಡುತ್ತದೆ, ಕೆಳಗಿನ ಮನೆಗಳ ಅಂಗಳಕ್ಕೆ ನುಗ್ಗುತ್ತದೆ. ಮಳೆನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಯಾವ ಕಣಿಯಲ್ಲಿ ಹರಿಯುತ್ತದೆ ಎಂಬುದು ಓವರ್‌ಸಿಯರರಿಗಿಂತ ಕೆಳಗಿನ ಮನೆಯ ಅಜ್ಜಿಗೆ ಚೆನ್ನಾಗಿ ಗೊತ್ತು. ಅಜ್ಜಿಯನ್ನು ಯಾರೂ ಕೇಳಲಿಲ್ಲ.

ಎರಡನೆಯದು ಆಟ, ಬಯಲಾಟ. ಕಬಡ್ಡಿಗೆ ಮಣ್ಣು ಬೇಕು. ಸಿಮೆಂಟಿನ ಮೇಲೆ ಬಿದ್ದವನ ಮೊಣಕಾಲು ಉಳಿಯುವುದಿಲ್ಲ. ತೆಂಕುತಿಟ್ಟಿನ ಯಕ್ಷಗಾನಕ್ಕೆ ಬಯಲು ಬೇಕು, ಚಪ್ಪರದ ಕಂಬ ಊರಲು ನೆಲ ಬೇಕು, ರಾತ್ರಿಯಿಡೀ ಚಾಪೆ ಹಾಸಿ ಕುಳಿತುಕೊಳ್ಳಲು ಜಾಗ ಬೇಕು. ಪಾರ್ತಿಸುಬ್ಬನನ್ನು ಕೊಟ್ಟ ಕುಂಬಳೆ ಸೀಮೆಯ ಮಕ್ಕಳು ನಾವು ಎಂದು ವೇದಿಕೆಗಳಲ್ಲಿ ಎದೆ ತಟ್ಟುತ್ತೇವೆ. ಆಟದ ಬಯಲನ್ನು ನಕ್ಷೆಯಲ್ಲಿ ವಾಹನ ನಿಲುಗಡೆಯೆಂದು ಬರೆದಾಗ ಮಾತ್ರ ಗಂಟಲು ಕಟ್ಟುತ್ತದೆ.

ಮೂರನೆಯದು ವಾಚನಾಲಯ. ಪಿ.ಎನ್. ಪಣಿಕ್ಕರರ ಗ್ರಂಥಾಲಯ ಚಳವಳಿಯಿಂದ ಇಡೀ ದೇಶಕ್ಕೆ ಮಾದರಿಯಾದ ರಾಜ್ಯ ಕೇರಳ. ಅವರು ತೀರಿಕೊಂಡ ಜೂನ್ 19 ಇಲ್ಲಿ ವಾಚನ ದಿನ. ಅಂಥ ನಾಡಿನಲ್ಲಿ ಕನ್ನಡ ಪತ್ರಿಕೆ ಓದಲು ದಿನವೂ ಬರುವವರು ಯಾರು? ಹೆಚ್ಚಾಗಿ ಕನ್ನಡ ಮಾಧ್ಯಮದಲ್ಲಿ ಕಲಿತ, ಅರುವತ್ತು ದಾಟಿದ ಹಿರಿಯರು. ಅವರ ಪತ್ರಿಕೆಯನ್ನೂ ಪುಸ್ತಕದ ಕಪಾಟನ್ನೂ ಮಹಡಿಗೆ ಏರಿಸಿದರೆ ಅವರಿಗೆ ಬಾಗಿಲು ಹಾಕಿದಂತೆಯೇ. ಆರು ತಿಂಗಳಾದ ಮೇಲೆ “ಕನ್ನಡ ಪುಸ್ತಕ ಓದುವವರೇ ಇಲ್ಲ” ಎಂದು ವರದಿ ಬರೆಯಲು ಆಗ ಸುಲಭ.

ನಾಲ್ಕನೆಯದನ್ನು ಹೇಳಲು ಸಂಕಟವಾಗುತ್ತದೆ. ಈ ಜಿಲ್ಲೆಯ ಗೇರುತೋಟಗಳ ಮೇಲೆ ಸುಮಾರು ಎರಡು ದಶಕ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಎಣ್ಮಕಜೆಯೂ ಸೇರಿದಂತೆ ಕನ್ನಡ, ತುಳು ಮಾತಾಡುವ ಎಷ್ಟೋ ಮನೆಗಳಲ್ಲಿ ನಡೆಯಲಾರದ ಮಕ್ಕಳಿದ್ದಾರೆ. ಮಕ್ಕಳಾಗಿದ್ದವರು ಈಗ ದೊಡ್ಡವರಾಗಿದ್ದಾರೆ, ತಾಯಂದಿರು ಮುದುಕಿಯರಾಗಿದ್ದಾರೆ. ಗಾಲಿಕುರ್ಚಿ ಹೋಗುವಂಥ ಇಳಿಜಾರಿನ ದಾರಿ, ಅವರಿಗೆ ಆಗುವಂಥ ಶೌಚಾಲಯ ಇವು ಔದಾರ್ಯವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಇದನ್ನು ಹಕ್ಕೆಂದೇ ಹೇಳಿದೆ. ಬೇರೆ ಜಿಲ್ಲೆಯಲ್ಲಿ ಮರೆತರೆ ಅಲಕ್ಷ್ಯ ಎನ್ನಬಹುದು. ಕಾಸರಗೋಡಿನಲ್ಲಿ ಮರೆತರೆ ಅದು ಕ್ರೌರ್ಯ. ಹಾಗಾದರೆ ಆ ತಾಯಿ ಸಭೆಯಲ್ಲಿ ಏಕೆ ಕೇಳಲಿಲ್ಲ? ಅವಳಿಗೆ ನೋಟೀಸು ಓದಲು ಬರಲಿಲ್ಲ. ಅಷ್ಟೇ.

ಇಲ್ಲಿಗೇ ನನ್ನ ವಾದದ ಗಂಟು. ಓದಲಾರದ ಭಾಷೆಯಲ್ಲಿ, ಬರಲಾರದ ಹೊತ್ತಿನಲ್ಲಿ, ನಕ್ಷೆ ಮುಗಿದ ಮೇಲೆ ಕೇಳುವುದು ಕೇಳದೆ ಇರುವುದಕ್ಕಿಂತಲೂ ಕೆಟ್ಟದು. ಕೇಳದೆ ಇದ್ದರೆ ನಾಳೆ ಪ್ರಶ್ನಿಸಲು ಬಾಯಿ ಉಳಿಯುತ್ತದೆ. ಕೇಳಿದ ಶಾಸ್ತ್ರವಾದರೆ “ನೀವೇ ಒಪ್ಪಿದ್ದೀರಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕಾನೂನು ನಮ್ಮ ವಿರುದ್ಧ ಇಲ್ಲ ಎಂಬುದನ್ನು ಗಮನಿಸಿ. 1994ರ ಕೇರಳ ಪಂಚಾಯತ್ ರಾಜ್ ಕಾನೂನು ಪ್ರತಿ ವಾರ್ಡಿಗೂ ಗ್ರಾಮಸಭೆ ಕೊಟ್ಟಿದೆ. ಮತದಾರರೆಲ್ಲ ಅದರ ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ವಾರ್ಡಿನ ಕಾಮಗಾರಿಗಳ ಎಸ್ಟಿಮೇಟನ್ನು ತಿಳಿಯುವ ಹಕ್ಕೂ ಅದಕ್ಕಿದೆ. 1996ರ ಆಗಸ್ಟ್ 17ರಂದು ಆರಂಭವಾದ ಜನಕೀಯ ಯೋಜನೆ ರಾಜ್ಯದ ಯೋಜನಾ ಹಣದ ಶೇಕಡ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಇಳಿಸಿತು. ಯೋಜನೆ ಕೆಳಗಿನಿಂದ ಮೇಲಕ್ಕೆ ಹೋಗಬೇಕೆಂಬುದೇ ಅದರ ಜೀವಾಳ. ಭಾಷೆಯ ಮಟ್ಟಿಗೆ ಹೇಳುವುದಾದರೆ, ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಅಧಿಕಾರಿಗಳಿಗೆ ಅಹವಾಲು ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. 2005ರ ಮಾಹಿತಿ ಹಕ್ಕು ಕಾನೂನು ಮಾಹಿತಿಯನ್ನು ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನಿಸಬೇಕೆನ್ನುತ್ತದೆ. ಇಷ್ಟೆಲ್ಲ ಇದ್ದೂ ಒಂದು ಮೈದಾನದ ನೋಟೀಸು ಕನ್ನಡದಲ್ಲಿ ಬರುವುದಿಲ್ಲ ಎಂದರೆ ಕೊರತೆ ಕಾನೂನಿನದಲ್ಲ, ಮನಸ್ಸಿನದು.

“ಈಗ ಎಲ್ಲರಿಗೂ ಮಲಯಾಳ ಬರುತ್ತದಲ್ಲ?” ಎನ್ನುವ ಮಿತ್ರರಿದ್ದಾರೆ. ಹೌದು, ಮೀನು ಕೊಳ್ಳುವಷ್ಟು, ಬಸ್ಸು ಹತ್ತುವಷ್ಟು ಬರುತ್ತದೆ. ಎಸ್ಟಿಮೇಟು ಓದಿ “ಈ ಬಾಬ್ತು ಏಕೆ?” ಎಂದು ಸಭೆಯಲ್ಲಿ ಎದ್ದುನಿಂತು ಕೇಳುವ ಮಲಯಾಳ ಬೇರೆ. ಇಂದಿನ ಮಕ್ಕಳಲ್ಲಿ ಹಲವರು ಚೆನ್ನಾಗಿ ಓದಬಲ್ಲರು. ಆದರೆ ಹಗಲು ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂರುವವರು, ವಾಚನಾಲಯಕ್ಕೆ ಬರುವವರು ಆ ಮಕ್ಕಳಲ್ಲ, ಅವರ ಅಜ್ಜಂದಿರು.

“ಮಾರ್ಚಿಗೆ ಮೊದಲು ಹಣ ಖರ್ಚಾಗಬೇಕು, ಚರ್ಚೆಗೆ ಸಮಯವಿಲ್ಲ” ಎನ್ನುವವರೂ ಇದ್ದಾರೆ. ಒಂದು ಹಾಳೆಯನ್ನು ಕನ್ನಡಕ್ಕೆ ತರಲು ಒಂದು ಗಂಟೆ ಸಾಕು. ಪಂಚಾಯತಿನಲ್ಲಿ ಆಗದಿದ್ದರೆ ಊರಿನ ಕನ್ನಡ ಅಧ್ಯಾಪಕರು ಸಂತೋಷದಿಂದ ಮಾಡಿಕೊಟ್ಟಾರು. ಇನ್ನು ಮಾರ್ಚಿನ ಅವಸರಕ್ಕೆ ಮದ್ದು ಚರ್ಚೆಯನ್ನು ಬಿಡುವುದಲ್ಲ, ಜೂನಿನಲ್ಲೇ ಚರ್ಚೆ ಆರಂಭಿಸುವುದು.

“ಭಾಷೆಯ ಮಾತೆತ್ತಿ ಊರಿನ ಐಕ್ಯ ಕೆಡಿಸಬೇಡಿ” ಎಂಬುದು ಮೂರನೆಯ ಆಕ್ಷೇಪ. ನನ್ನ ಜಗಳ ಮಲಯಾಳದೊಂದಿಗೆ ಅಲ್ಲವೇ ಅಲ್ಲ. ಸೋರುವ ಮಾಡಿನ ಕೆಳಗೆ ಮಲಯಾಳಿ ಮಕ್ಕಳೂ ಕನ್ನಡದ ಮಕ್ಕಳೂ ಒಟ್ಟಿಗೇ ನೆನೆಯುತ್ತಾರೆ. ಹನ್ನೊಂದು ಗಂಟೆಯ ಸಭೆ ಮಲಯಾಳಿ ಕೂಲಿಗಾರನಿಗೂ ಆಗದು. ಈ ವಾರ್ಷಿಕದಲ್ಲಿ ಎರಡು ಭಾಷೆಗಳು ಅಕ್ಕಪಕ್ಕ ಕುಳಿತಿವೆ, ಯಾರ ಐಕ್ಯವೂ ಕೆಟ್ಟಿಲ್ಲ. ಒಂದು ನೋಟೀಸಿನಲ್ಲಿ ಕುಳಿತರೆ ಕೆಡುವುದೇ?

ಇನ್ನು ನಮ್ಮವರ ಸರದಿ. ನವೆಂಬರ್ ಒಂದರಂದು ಧ್ವಜ ಹಿಡಿದು ಘೋಷಣೆ ಕೂಗುವವರಲ್ಲಿ ಎಷ್ಟು ಮಂದಿ ಗ್ರಾಮಸಭೆಯ ಮೆಟ್ಟಿಲು ಹತ್ತಿದ್ದಾರೆ? ಗ್ರಾಮಸಭೆಯ ಕೋರಂ ಮತದಾರರ ಶೇಕಡ ಹತ್ತು. ಆ ಹತ್ತರಲ್ಲಿ ನಾವು ಇಲ್ಲದಿದ್ದರೆ ನಕ್ಷೆಯಲ್ಲಿ ನಾವು ಇರುವುದು ಹೇಗೆ? “ಹೋಗಿ ಏನು ಪ್ರಯೋಜನ, ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ” ಎಂದು ಮನೆಯಲ್ಲಿ ಕೂರುವವರು ಮೊದಲೇ ತೀರ್ಮಾನಿಸುವವರಿಗೆ ದೊಡ್ಡ ಉಪಕಾರ ಮಾಡುತ್ತಾರೆ. ಕ್ಲಬ್ಬಿನ ಪದಾಧಿಕಾರಿಗಳಿಗೂ ಒಂದು ಮಾತು. ಅವರಲ್ಲಿ ಕನ್ನಡದ ಹುಡುಗರೂ ಬಹಳ. ಬೀಗದ ಕೈ ನಿಮ್ಮ ಸೊಂಟದಲ್ಲಿದೆ ಎಂದ ಮಾತ್ರಕ್ಕೆ ಕಟ್ಟಡ ನಿಮ್ಮದಾಗುವುದಿಲ್ಲ. ಕೆಳಗಿನ ಸಭಾಂಗಣ ತಮಗೆ, ವಾಚನಾಲಯ ಮಹಡಿಗೆ ಎಂದಾಗ ಅವರು ತಮ್ಮ ಅಜ್ಜನನ್ನೇ ಹೊರಗೆ ಹಾಕಿದರು. ಇದಕ್ಕೆ ಭಾಷೆಯ ನೆಪವಿಲ್ಲ.

ನಾವು ಕೇಳಬೇಕಾದದ್ದು ಬಹಳವಿಲ್ಲ. ನಕ್ಷೆ ಬರೆಯುವ ಮೊದಲು ಒಂದು ಸಭೆ, ಬರೆದ ಮೇಲೆ ಇನ್ನೊಂದು. ಎರಡರಲ್ಲಿ ಒಂದಾದರೂ ಭಾನುವಾರ ಅಥವಾ ಸಂಜೆ. ನೋಟೀಸು, ಎಸ್ಟಿಮೇಟಿನ ಸಾರಾಂಶ, ನಿರ್ಣಯ ಇವು ಕನ್ನಡ ಮಲಯಾಳ ಎರಡರಲ್ಲಿಯೂ ಕ್ಲಬ್ಬಿನ ಗೋಡೆಯ ಮೇಲೆ ಕಾಣಬೇಕು. ಸಭೆಯ ಮೊದಲು ಅಧಿಕಾರಿಗಳು ಊರವರೊಂದಿಗೆ ಮೈದಾನಕ್ಕೆ ಒಂದು ಸುತ್ತು ಬರಬೇಕು. ಕೋಣೆಯಲ್ಲಿ ಬಾಯಿ ತೆರೆಯದ ಹೆಂಗಸರು ಅಲ್ಲಿ ಬೆರಳು ತೋರಿಸಿ ಹೇಳುತ್ತಾರೆ. ಹಾಜರಿಯ ರುಜುವೇ ಬೇರೆ, ಒಪ್ಪಿಗೆಯ ರುಜುವೇ ಬೇರೆ ಎಂದಿರಬೇಕು. ಒಪ್ಪದ ಮಾತುಗಳನ್ನೂ ನಿರ್ಣಯ ಪುಸ್ತಕದಲ್ಲಿ, ಹೇಳಿದ ಭಾಷೆಯಲ್ಲಿಯೇ, ದಾಖಲಿಸಬೇಕು.

ಕೊಡದಿದ್ದರೆ? ವಾರ್ಡಿನ ಮತದಾರರಲ್ಲಿ ಶೇಕಡ ಹತ್ತು ಮಂದಿ ವಿಷಯಸೂಚಿ ಬರೆದು, ರುಜು ಹಾಕಿ ಕೊಟ್ಟರೆ ಸಂಚಾಲಕರಾದ ವಾರ್ಡ್ ಮೆಂಬರು ಹದಿನೈದು ದಿನದೊಳಗೆ ವಿಶೇಷ ಗ್ರಾಮಸಭೆ ಕರೆಯಬೇಕು; ಇದೂ ಅದೇ ಕಾನೂನಿನಲ್ಲಿದೆ. ಸಾವಿರ ಮತದಾರರಿದ್ದರೆ ನೂರು ರುಜು. ಒಂದು ಯಕ್ಷಗಾನದ ಚಂದಾಕ್ಕೆ ನಾವು ಇದಕ್ಕಿಂತ ಹೆಚ್ಚು ಮನೆಗಳ ಮೆಟ್ಟಿಲು ಹತ್ತಿಲ್ಲವೇ? ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ನೆರೆಯ ಮಲಯಾಳಿ ಮಿತ್ರರ ರುಜುವನ್ನೂ ಅದೇ ಅರ್ಜಿಯಲ್ಲಿ ಕೇಳಿ, ಅವರು ಹಾಕುತ್ತಾರೆ. ವಿಷಯ ಒಂದೇ ಸಾಲಿನದು: ಮೈದಾನದ ನಕ್ಷೆಯನ್ನು ಮತ್ತೆ ಬಿಡಿಸಿ ನಮ್ಮ ಮುಂದೆ ಹಾಸಿರಿ, ಈ ಸಲ ನಾವು ಓದುವಂತೆ.