ಇದು ಮೈಗಳ್ಳತನವಲ್ಲ, ಮಾತ್ರೆಯ ಮಂಪರು

‘ರಾತ್ರಿ ನಿದ್ದಿ ಗುಳಗಿ ತಗೋತೀನಿ. ಮುಂಜಾನೆ ತಲಿ ಎತ್ತಲಿಕ್ಕೆ ಆಗೂದಿಲ್ಲ. ಅತ್ತಿ ಮೈಗಳ್ಳಿ ಅಂತಾರ. ಬಿಟ್ಟುಬಿಡ್ಲೇನು?’ ಆಳಂದ ತಾಲ್ಲೂಕಿನ ಖಜೂರಿಯಾಗಲಿ, ಕಲಬುರಗಿಯ ಬಡಾವಣೆಯಾಗಲಿ, ಅನೇಕ ಗೃಹಿಣಿಯರ ಅಳಲು ಇದೇ.

ಬೇಡ, ನೀವಾಗಿಯೇ ಬಿಡಬೇಡಿ. ಕ್ಲೊನಾಜೆಪಾಮ್‌ನಂಥ ಮಾತ್ರೆಯ ಅರ್ಧದಷ್ಟು ಅಂಶ ಮೈಯಿಂದ ಹೋಗಲು ಒಂದು ದಿನಕ್ಕೂ ಹೆಚ್ಚು ಹಿಡಿಯಬಹುದು. ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್ ಕೂಡ ಬೆಳಗಿನವರೆಗೆ ಮಂಪರು ಉಳಿಸುವುದುಂಟು. ರಾತ್ರಿ 11ಕ್ಕೆ ನುಂಗಿ ಬೆಳಿಗ್ಗೆ 5ಕ್ಕೆ ಏಳಬೇಕೆಂದರೆ ಹೇಗೆ? ಕ್ಲೊನಾಜೆಪಾಮ್ ಥಟ್ಟನೆ ನಿಲ್ಲಿಸಿದರೆ ನಿದ್ದೆ ಮತ್ತೆ ಕೆಡುತ್ತದೆ, ಚಡಪಡಿಕೆ ಶುರುವಾಗುತ್ತದೆ, ಫಿಟ್ಸ್ ಬರುವ ಅಪಾಯವೂ ಇದೆ.

ವೈದ್ಯರಿಗೆ ಬಿಚ್ಚಿ ಹೇಳಿ: ಎಷ್ಟು ಗಂಟೆಗೆ ನುಂಗುತ್ತೀರಿ, ಮಂಪರು ಎಲ್ಲಿವರೆಗೆ, ನೆಗಡಿ ಮಾತ್ರೆಯೇನಾದರೂ ಜೊತೆಗಿದೆಯೇ. ಹೊತ್ತು ಅಥವಾ ಪ್ರಮಾಣವನ್ನು ಅವರು ಬದಲಿಸಿಕೊಡಬಹುದು. ಅಲ್ಲಿವರೆಗೆ ಮುಂಜಾನೆ ಸ್ಕೂಟರ್ ಬೇಡ, ಒಲೆ ಮುಂದೆ ಎಚ್ಚರ. ಎಬ್ಬಿಸಿದರೂ ಏಳದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾರಲ್ಲೂ ಹೇಳಿಕೊಳ್ಳಲಾಗದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ: 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಅತ್ತೆಯಂದಿರೇ, ನಿಮ್ಮ ಬಿಪಿ ಮಾತ್ರೆಯಂತೆ ಇದೂ ಔಷಧವೇ. ನಾಲ್ಕು ದಿನ ಮಗ ಎದ್ದು ಚಹಾ ಕಾಯಿಸಿದರೆ ಮನೆಯ ಮರ್ಯಾದೆ ಹೋಗುವುದಿಲ್ಲ.