ಘಟ್ಟದ ಮೇಲೆ ಕುಳಿತ ಪೇಟೆ: ಸಾವೊ ಪಾಲೊ

ಬ್ರೆಜಿಲ್‌ನ ದುಡ್ಡು ಕಾಸಿನ ವ್ಯವಹಾರವೆಲ್ಲ ನಡೆಯುವ ಸಾವೊ ಪಾಲೊ ಸಮುದ್ರದ ದಡದಲ್ಲಿಲ್ಲ. ಅದು ದೇಶದ ರಾಜಧಾನಿಯೂ ಅಲ್ಲ. ಆ ಪಟ್ಟ 1960ರಲ್ಲಿ ರಿಯೊದಿಂದ ನೇರ ಬ್ರೆಸಿಲಿಯಾಕ್ಕೆ ಹೋಯಿತು. 1554ರಲ್ಲಿ ಜೆಸ್ಯೂಟ್ ಪಾದ್ರಿಗಳು ನೆಲೆಗೊಳಿಸಿದ ಈ ಊರಿನಲ್ಲಿ 1872ರಲ್ಲೂ ಇದ್ದವರು ಸುಮಾರು 31 ಸಾವಿರ ಮಂದಿ. 1900ರ ಹೊತ್ತಿಗೆ 2 ಲಕ್ಷ 40 ಸಾವಿರ. 2022ರ ಜನಗಣತಿಯಲ್ಲಿ 1 ಕೋಟಿ 14 ಲಕ್ಷ. ಇಷ್ಟು ಜನ, ಇಷ್ಟು ಬಂಡವಾಳ ಅಲ್ಲಿಗೇ ಬಂದು ಸೇರಿದ್ದೇಕೆ?

ಉತ್ತರ ಕಾಫಿಯಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಕಾಫಿ ಸಾಗಿದ ದಾರಿಯಲ್ಲಿದೆ. ತೋಟಗಳಿದ್ದದ್ದು ಒಳನಾಡಿನ ಕೆಂಪು ಮಣ್ಣಿನಲ್ಲಿ, ಹಡಗು ನಿಲ್ಲುತ್ತಿದ್ದದ್ದು ಕೆಳಗಿನ ಸ್ಯಾಂಟೋಸ್ ಬಂದರಿನಲ್ಲಿ. ನಡುವೆ ಸುಮಾರು 800 ಮೀಟರ್ ಎತ್ತರದ ಘಟ್ಟ. ಹೇಸರಗತ್ತೆಗಳ ಬೆನ್ನ ಮೇಲೆ ಮೂಟೆ ಇಳಿಸುವುದು ನಿಧಾನ, ಖರ್ಚೂ ಹೆಚ್ಚು. 1867ರಲ್ಲಿ ಬ್ರಿಟಿಷ್ ಕಂಪನಿಯೊಂದು ಇಲ್ಲಿ ರೈಲು ಓಡಿಸಿತು. ಅಷ್ಟು ಕಡಿದಾದ ಏರನ್ನು ಉಗಿಬಂಡಿ ಹತ್ತಲಾರದು. ಹಾಗಾಗಿ ಘಟ್ಟವನ್ನು ನಾಲ್ಕು ಹಂತ ಮಾಡಿ, ಹಂತಕ್ಕೊಂದರಂತೆ ನಿಂತಲ್ಲೇ ತಿರುಗುವ ಉಗಿ ಎಂಜಿನ್ ಕೂರಿಸಿ, ತಂತಿಹಗ್ಗ ಕಟ್ಟಿ ಬೋಗಿಗಳನ್ನು ಎಳೆದರು, ಇಳಿಸಿದರು. ಒಳನಾಡಿನ ರೈಲುಗಳಲ್ಲಿ ಹೆಚ್ಚಿನವು ಈ ಒಂದೇ ಹಾದಿಗೆ ಬಂದು ಕೂಡಬೇಕಾಯಿತು. ಘಟ್ಟದ ತಲೆಯ ಮೇಲಿದ್ದ ಊರಿಗೆ ಅದೃಷ್ಟ ಖುಲಾಯಿಸಿತು.

ಸರಕು ಹಾಯುವ ಕಡೆ ಸಾಲ ಕೊಡುವವರು, ದಲ್ಲಾಳಿಗಳು, ಬ್ಯಾಂಕುಗಳು ಬರುವುದು ಸಹಜ. ತೋಟದ ಧಣಿಗಳೂ ಬಂದರು. 1891ರಲ್ಲಿ ತೆರೆದ ಪೌಲಿಸ್ತಾ ರಸ್ತೆಯಲ್ಲಿ ಬಂಗಲೆ ಕಟ್ಟಿದರು. 1888ರಲ್ಲಿ ಗುಲಾಮಗಿರಿ ರದ್ದಾಯಿತು. ಅದರ ಆಸುಪಾಸಿನಲ್ಲಿ ಇಟಲಿಯವರು, 1908ರಿಂದ ಜಪಾನಿನವರು ಕೂಲಿಗೆ ಬಂದರು. ಕೂಲಿ ಕೈಗೆ ಸಿಕ್ಕವರು ಬಟ್ಟೆ, ಚಪ್ಪಲಿ ಕೊಳ್ಳಲೇಬೇಕಲ್ಲ! ಕಾಫಿಯ ಲಾಭ ಗಿರಣಿಗಳಿಗೆ ಹರಿಯಿತು. ಹೀಗಾಗಿ 1929ರಲ್ಲಿ ಕಾಫಿ ದರ ನೆಲಕಚ್ಚಿದಾಗಲೂ ನಗರ ಮುಳುಗಲಿಲ್ಲ. ನನ್ನ ದೃಷ್ಟಿಯಲ್ಲಿ ಸಾವೊ ಪಾಲೊದ ನಿಜವಾದ ಜಾಣ್ಮೆ ಇದು: ಒಂದು ಬೆಳೆಯ ಗಳಿಕೆಯನ್ನು ಅದೇ ಬೆಳೆಗೆ ಕಟ್ಟಿಹಾಕಲಿಲ್ಲ. ಬ್ರೆಜಿಲ್‌ನಲ್ಲಿ ಫ್ರಾಸ್ಟ್ ಬಿದ್ದರೆ ಇಲ್ಲಿ ದರ ಏರುವುದನ್ನು ಕಂಡಿರುವ ನಮ್ಮ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಈಗ ಬ್ಯಾಂಕುಗಳ ಗಾಜಿನ ಕಟ್ಟಡಗಳು ಫರಿಯಾ ಲಿಮಾ ರಸ್ತೆಗೆ ಸರಿದಿವೆ. 2017ರಲ್ಲಿ ವಿಲೀನದಿಂದ ಹುಟ್ಟಿದ ಬಿ3 ಷೇರುಪೇಟೆ ಹಳೆಯ ಪೇಟೆಯಲ್ಲೇ ಇದೆ. ಆದರೆ ನಗರದ ವ್ಯಾಪಾರ ತಿಳಿಯಬೇಕೆಂದರೆ ಬ್ರಾಸ್ ಬಡಾವಣೆಯನ್ನು ನೋಡಬೇಕು. ಬೇರೆ ರಾಜ್ಯಗಳ ಚಿಲ್ಲರೆ ವ್ಯಾಪಾರಿಗಳು ರಾತ್ರಿ ಬಸ್ಸಿನಲ್ಲಿ ಬಂದಿಳಿದು, ಬೆಳಕು ಹರಿಯುವ ಮೊದಲೇ ಸಿದ್ಧ ಉಡುಪಿನ ಗಂಟುಗಳನ್ನು ಸಗಟು ದರಕ್ಕೆ ಕೊಂಡು ವಾಪಸ್ ಹೊರಡುತ್ತಾರೆ. ಇಂಥ ಬಟ್ಟೆ ಹೊಲಿಯುವವರಲ್ಲಿ ಬೊಲಿವಿಯಾದವರು ಬಹಳ. ಎಷ್ಟೋ ಕಡೆ ಮಷೀನಿನ ಪಕ್ಕದಲ್ಲೇ ಹಾಸಿಗೆ, ಪೀಸಿನ ಲೆಕ್ಕದಲ್ಲಿ ಕೂಲಿ. ಗುಲಾಮಗಿರಿಗೆ ಸಮನಾದ ದುಡಿಮೆ ಎಂದು ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರುಗಳು ಹಲವು ಬಾರಿ ಪ್ರಕರಣ ದಾಖಲಿಸಿದ್ದಾರೆ. 2009ರಲ್ಲಿ ಜಾರಿಗೆ ಬಂದ ದಕ್ಷಿಣ ಅಮೆರಿಕದ ದೇಶಗಳ ಒಪ್ಪಂದದಿಂದ ಇವರಿಗೆ ಕಾನೂನುಬದ್ಧವಾಗಿ ನೆಲೆಸುವ ಹಕ್ಕು ಸಿಕ್ಕಿತು. ಅಷ್ಟು ಸಾಲದು. ಕೆಲಸವನ್ನು ಒಬ್ಬರಿಂದ ಒಬ್ಬರಿಗೆ ಗುತ್ತಿಗೆ ದಾಟಿಸಿ ಬಟ್ಟೆ ತರಿಸಿಕೊಳ್ಳುವ ದೊಡ್ಡ ಮಳಿಗೆಗಳು ಪೀಸಿನ ದರಕ್ಕೂ ಹೊಣೆ ಹೊರಬೇಕು. ಲಾಭದ ದೊಡ್ಡ ಪಾಲು ಆ ಮಳಿಗೆಗಳ ಕೈಯಲ್ಲೇ ಇದೆ.